ಬೆನ್ನಿಗಿದ್ದೂ ಮರೆತ ಮದ್ದು

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಕೂರಿಸಿದ ಸಿಲಿಕೋನ್ ಇಂಪ್ಲಾಂಟ್ ಕೈಕೊಟ್ಟಾಗ, ಅದರಲ್ಲೂ ರೇಡಿಯೇಷನ್‌ಗೆ ಸೊರಗಿದ ಚರ್ಮ ಬಿರಿದು ಇಂಪ್ಲಾಂಟ್ ಹೊರಗೆ ಕಾಣತೊಡಗಿದಾಗ, ಸರ್ಜನ್‌ಗಳು ನೆಚ್ಚುವ ದಾರಿಗಳಲ್ಲೊಂದು ರೋಗಿಯ ಬೆನ್ನಿನಲ್ಲೇ ಇದೆ. ಸೋಂಕು ತೀವ್ರವಾಗಿದ್ದರೆ ಇಂಪ್ಲಾಂಟ್ ತೆಗೆದು, ಜಾಗ ತೊಳೆದು, ಗಾಯ ಮಾಯಲು ಕೆಲವು ತಿಂಗಳು ಬಿಡುತ್ತಾರೆ. ಆಮೇಲೆ ಬೆನ್ನಿನ ಅಗಲ ಸ್ನಾಯು ಲ್ಯಾಟಿಸಿಮಸ್ ಡಾರ್ಸೈಯನ್ನು ಮೇಲಿನ ಚರ್ಮದ ಸಮೇತ ಬಿಡಿಸಿ, ಕಂಕುಳಿನ ರಕ್ತನಾಳ ಕಡಿಯದಂತೆ ಎದೆಗೆ ಹೊರಳಿಸುತ್ತಾರೆ. ರಕ್ತ ಹರಿಯುವ ಮಾಂಸ ಬಂದರೆ ಬಡವಾದ ಜಾಗ ಚೇತರಿಸಿಕೊಳ್ಳುತ್ತದೆ. ಈ ವಿದ್ಯೆ ಇಂಪ್ಲಾಂಟ್‌ಗಿಂತ ಅರ್ಧ ಶತಮಾನ ಹಳೆಯದು. ನಡುವೆ ಅದು ಕಳೆದುಹೋಗಿದ್ದು ಒಬ್ಬರ ಮಾತಿನ ತೂಕಕ್ಕೆ ಎಂಬುದೇ ನನ್ನ ತಕರಾರು.

ಇಟಲಿಯ ಸರ್ಜನ್ ಇಜೀನಿಯೊ ತಾನ್ಸೀನಿ 1896ರಲ್ಲಿ, ಸ್ತನ ತೆಗೆದ ಜಾಗವನ್ನು ಬೆನ್ನಿನ ಚರ್ಮದಿಂದ ಮುಚ್ಚುವ ವಿಧಾನ ಪ್ರಕಟಿಸಿದರು. ಆದರೆ ಚರ್ಮದ ತುದಿ ಕೊಳೆಯುತ್ತಿತ್ತು. ಆ ಚರ್ಮಕ್ಕೆ ರಕ್ತ ಬರುವುದು ಅಡಿಯ ಸ್ನಾಯುವಿನ ಮೂಲಕ ಎಂದು ಅರಿತು, 1906ರಲ್ಲಿ ಸ್ನಾಯುವನ್ನೂ ಸೇರಿಸಿಕೊಂಡರು. ಯುರೋಪಿನಲ್ಲಿ ಅದು ಕೆಲಕಾಲ ಚಲಾವಣೆಯಲ್ಲಿತ್ತು. ಅತ್ತ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಪ್ರಭಾವಿ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್, ಗಾಯದ ಮೇಲೆ ಇಂಥ ಹೊದಿಕೆ ಹಾಕುವುದನ್ನು ವಿರೋಧಿಸಿದರು. ಮರುಕಳಿಸಿದ ಕ್ಯಾನ್ಸರ್ ಅದರಡಿ ಮರೆಯಾದೀತೆಂಬ ಅಂಜಿಕೆ. ಹಾಲ್‌ಸ್ಟೆಡ್ ಮಾತು ಶಾಸನವಾಯಿತು, ತಾನ್ಸೀನಿಯ ಹೆಸರು ಅಳಿಯಿತು. 1962ರಲ್ಲಿ ಹ್ಯೂಸ್ಟನ್‌ನಲ್ಲಿ ಸಿಲಿಕೋನ್ ಇಂಪ್ಲಾಂಟ್ ಹುಟ್ಟಿತು. ರೇಡಿಯೇಷನ್‌ನಿಂದ ಎದೆಯಲ್ಲಾದ ಹುಣ್ಣು ಮುಚ್ಚಲು ಜರ್ಮನಿಯ ನೆವೆನ್ ಒಲಿವಾರಿ ಅದೇ ಬೆನ್ನಿನ ಸ್ನಾಯುವನ್ನು ಬಳಸಿ ಬರೆದದ್ದು 1976ರಲ್ಲಿ. ಸ್ತನ ಮರುರಚನೆಗೆ ಅದು ಮರಳಿದ್ದು ಆಮೇಲೆ.

ಹಾಲ್‌ಸ್ಟೆಡ್ ಭಯ ಸುಳ್ಳಲ್ಲ ಎನ್ನಬಹುದು. ಗೆಡ್ಡೆ ಬಲಿತ ಮೇಲೆಯೇ ರೋಗಿಗಳು ಬರುತ್ತಿದ್ದ, ಸ್ಕ್ಯಾನ್ ಇಲ್ಲದ ಕಾಲವದು. ಒಪ್ಪೋಣ. ಆದರೆ ಭಯವನ್ನು ಪರೀಕ್ಷೆಗೆ ಒಡ್ಡಬೇಕಿತ್ತು. ಮರುರಚನೆ ವ್ಯಾಪಕವಾದ ಮೇಲಿನ ಅನುಭವ ಅದನ್ನು ಎತ್ತಿಹಿಡಿಯಲಿಲ್ಲ. ಬೆನ್ನಿನ ಸ್ನಾಯು ಸರ್ವರೋಗಕ್ಕೂ ಮದ್ದಲ್ಲ ಎಂಬುದು ಇನ್ನೊಂದು ಆಕ್ಷೇಪ. ಅದೂ ಸರಿ. ಬೆನ್ನಿನಲ್ಲಿ ನೀರು ತುಂಬಿಕೊಳ್ಳಬಹುದು, ಭುಜದ ಬಲ ಒಂದಿಷ್ಟು ಕುಂದಬಹುದು, ಗಾತ್ರ ಸಾಲದೆ ಅಡಿಯಲ್ಲಿ ಮತ್ತೆ ಇಂಪ್ಲಾಂಟ್ ಇಡಬೇಕಾಗಬಹುದು. ಹೊಟ್ಟೆಯ ಅಂಗಾಂಶ, ದೇಹದ್ದೇ ಕೊಬ್ಬಿನ ಚುಚ್ಚುಮದ್ದು ಈಗ ಜೊತೆಗಿವೆ. ಆದರೆ ಇವೆಲ್ಲ ನಿಂತಿರುವುದು ತಾನ್ಸೀನಿ ಕಂಡ ಸತ್ಯದ ಮೇಲೆಯೇ: ರಕ್ತ ತಲುಪದ ಅಂಗಾಂಶ ಉಳಿಯುವುದಿಲ್ಲ. ಪರೀಕ್ಷೆಗೆ ಒಡ್ಡುವುದೆಂದರೆ ಏನೆಂಬುದಕ್ಕೆ ಒಂದು ಉದಾಹರಣೆ: 1970ರ ದಶಕದಲ್ಲಿ ಇಂಪ್ಲಾಂಟ್ ಸುತ್ತ ದೇಹ ಕಟ್ಟಿಕೊಂಡ ಬಿಗಿ ಕವಚವನ್ನು ಸರ್ಜನ್‌ಗಳು ಕೈಯಿಂದ ಹಿಂಡಿ ಒಡೆಯುತ್ತಿದ್ದರು. ಇಂಪ್ಲಾಂಟೇ ಒಡೆಯುವ ಅಪಾಯದಿಂದ ಅದನ್ನು ಕೈಬಿಟ್ಟರು. ಆ ಪದ್ಧತಿಗೆ ಅನುಭವದ ಪರೀಕ್ಷೆ ಬೇಗ ಎದುರಾಯಿತು. ಹಾಲ್‌ಸ್ಟೆಡ್ ಆಕ್ಷೇಪಿಸಿದ್ದು ತಪ್ಪಲ್ಲ. ಅದನ್ನು ಹಾಗೆ ಒರೆಗೆ ಹಚ್ಚದೆ ಬಿಟ್ಟ ನಂತರದವರದೇ ತಪ್ಪು.