ಗಣಕಯಂತ್ರದ ಬೆಲೆಯೂ ಯೋಗ್ಯತೆಯೂ

ರೇಡಿಯೋ ಕೊಳ್ಳಲು ಹೋದವರು ಒಂದು ಕಾಲದಲ್ಲಿ ಅಂಗಡಿಯವರನ್ನು ಮೊದಲು ಕೇಳುತ್ತಿದ್ದ ಪ್ರಶ್ನೆ, 'ಇದರಲ್ಲಿ ಎಷ್ಟು ವಾಲ್ವುಗಳಿವೆ?' ಎಂಬುದು. ಟ್ರಾನ್ಸಿಸ್ಟರು ಬಂದ ಮೇಲೆ, 'ಎಷ್ಟು ಟ್ರಾನ್ಸಿಸ್ಟರು?' ಎಂದು ಕೇಳತೊಡಗಿದರು. ಕೊಳ್ಳುವವರ ಈ ಸಂಖ್ಯಾಭಕ್ತಿಯನ್ನು ಕಂಡು, 1960ರ ದಶಕದಲ್ಲಿ ಹೊರದೇಶಗಳ ಕೆಲವು ತಯಾರಕರು, ಯಾವ ಕೆಲಸವನ್ನೂ ಮಾಡದ ಟ್ರಾನ್ಸಿಸ್ಟರುಗಳನ್ನು ಲೆಕ್ಕಕ್ಕೆಂದೇ ಪೆಟ್ಟಿಗೆಯೊಳಗೆ ಸೇರಿಸಿ ಮಾರಿದ್ದುಂಟು. ಸಂಖ್ಯೆ ಹೆಚ್ಚಿತು, ದನಿ ಹೆಚ್ಚಲಿಲ್ಲ.

ಅದೇ ಭಕ್ತಿ ಇಂದು ಗಣಕಯಂತ್ರಕ್ಕೆ, ಎಂದರೆ ಕಂಪ್ಯೂಟರಿಗೆ, ಸಲ್ಲುತ್ತಿದೆ. ನಮ್ಮ ಮೈಸೂರಿನ ಉದಯಗಿರಿಯಂಥ ಬಡಾವಣೆಯನ್ನೇ ನೋಡಿ. ಆಟೋ ಓಡಿಸುವವರು, ಹೊಲಿಗೆಯವರು, ಮನೆಯಲ್ಲಿ ಕುಳಿತು ಅಗರಬತ್ತಿ ಹೊಸೆಯುವ ತಾಯಂದಿರು, ಮಕ್ಕಳ ಓದಿಗೆಂದು ಒಂದು ಕಂಪ್ಯೂಟರನ್ನು ತರಬೇಕೆಂದು ಹವಣಿಸುತ್ತಾರೆ. ಹೊಸದರ ಬೆಲೆ ಕೈಗೆಟುಕದು. ಆದಕಾರಣ ಬಳಸಿದ ಯಂತ್ರವನ್ನು ಅರಸುತ್ತಾರೆ. ಅದಕ್ಕೆ ಕೊಡುವ ಹಣವೂ ಅವರ ಪಾಲಿಗೆ ಹಲವು ತಿಂಗಳ ಉಳಿತಾಯವೇ. ಅಂಗಡಿಯವರು 'ಐ ಸೆವೆನ್, ಎಂಟು ಜಿಬಿ, ಒಂದು ಟಿಬಿ' ಎನ್ನುತ್ತಾರೆ. ಅರ್ಥ ತಿಳಿಯದೆ ಇದಕ್ಕೆ ಹಣ ಕೊಡುವುದು, ಕೇಳದ ಮಂತ್ರಕ್ಕೆ ದಕ್ಷಿಣೆ ಇಟ್ಟ ಹಾಗೆ. ಈ ಮಾತುಗಳ ಅರ್ಥವೇನು, ಯಂತ್ರದ ಯೋಗ್ಯತೆಯನ್ನು ಅಳೆಯುವುದು ಹೇಗೆ, ಎಂಬುದನ್ನು ವಿಚಾರಿಸೋಣ.

ಮದುವೆಯ ಮನೆಯ ಅಡುಗೆಯನ್ನು ನೆನೆಯಿರಿ. ಅಲ್ಲಿ ಅಡುಗೆಯವರಿದ್ದಾರೆ, ಅವರ ಮುಂದೆ ತರಕಾರಿ ಹರಡಿಕೊಳ್ಳಲು ಒಂದು ಕಟ್ಟೆ ಇದೆ, ಹಿಂದೆ ದಿನಸಿ ತುಂಬಿದ ಉಗ್ರಾಣವಿದೆ. ಕಂಪ್ಯೂಟರಿನಲ್ಲಿ ಪ್ರೊಸೆಸರು ಅಡುಗೆಯವರ ಸ್ಥಾನದಲ್ಲಿದೆ. ರ‍್ಯಾಮ್ ಎಂಬುದು ಕಟ್ಟೆ. ಈಗ ಕೈಯಲ್ಲಿರುವ ಕೆಲಸದ ಸಾಮಗ್ರಿ ಅಲ್ಲಿರುತ್ತದೆ, ಯಂತ್ರ ಆರಿಸಿದೊಡನೆ ಕಟ್ಟೆ ಬರಿದಾಗುತ್ತದೆ. ಡಿಸ್ಕು ಉಗ್ರಾಣ, ಅಲ್ಲಿಟ್ಟದ್ದು ಕರೆಂಟು ಹೋದರೂ ಉಳಿಯುತ್ತದೆ. ಇವರೆಲ್ಲರನ್ನೂ ಒಂದೇ ಸೂರಿನಡಿ ಕೂಡಿಸುವ ಅಂಗಳವೇ ಮದರ್‌ಬೋರ್ಡು. ಆ ಹಸಿರು ಹಲಗೆ ನಮಗೆ ತೀರ ಅಪರಿಚಿತವೇನೂ ಅಲ್ಲ. ಇಂಥ ಸರ್ಕಿಟ್ ಬೋರ್ಡುಗಳನ್ನು ತಯಾರಿಸುವ ಕಾರ್ಖಾನೆ ನಮ್ಮ ನಂಜನಗೂಡಿನಲ್ಲಿಯೇ ಇದೆ.

ನಳಪಾಕದ ಬಾಣಸಿಗನೇ ಬಂದಿರಲಿ, ಉಗ್ರಾಣದಿಂದ ಬೇಳೆ ತರುವವನು ಮುಪ್ಪಿನ ಮುದುಕನಾದರೆ ಊಟ ಹೊತ್ತಿಗೆ ಸರಿಯಾಗಿ ಆಗುವುದೆ? ಕಂಪ್ಯೂಟರಿನ ವೇಗವನ್ನು ನಿರ್ಣಯಿಸುವುದು ಅದರ ಅತ್ಯುತ್ತಮ ಅಂಗವಲ್ಲ. ಅತ್ಯಂತ ನಿಧಾನವಾದ ಅಂಗ. ಮಾರುವವರು ಹೆಚ್ಚಿನದನ್ನು ಹೇಳುತ್ತಾರೆ. ಕೊಳ್ಳುವವರು ಕಡಮೆಯದನ್ನು ಹುಡುಕಬೇಕು. ಈ ಲೇಖನದ ತಿರುಳು ಇಷ್ಟೆ. ಮುಂದಿನದು ಅದರ ವಿವರಣೆ.

ಮೊದಲು ಪ್ರೊಸೆಸರು. ಇಂಟೆಲ್ ಸಂಸ್ಥೆಯ ಐ ತ್ರೀ, ಐ ಫೈವ್, ಐ ಸೆವೆನ್ ಎಂಬುವು ದರ್ಜೆಯ ಹೆಸರುಗಳೇ ಹೊರತು ವಯಸ್ಸಲ್ಲ. ವಯಸ್ಸು ತಿಳಿಯುವುದು ಅದರ ಮುಂದಿನ ಅಂಕಿಯಿಂದ. 'ಐ7-3770' ಎಂಬುದರಲ್ಲಿ ಕೊನೆಯ ಮೂರು ಅಂಕಿ ಬಿಟ್ಟರೆ ಉಳಿಯುವುದು 3. ಎಂದರೆ ಮೂರನೆಯ ತಲೆಮಾರು. ಅದು 2012ರಲ್ಲಿ ಬಂದದ್ದು. 'ಐ3-12100' ಎಂಬುದು ಹನ್ನೆರಡನೆಯ ತಲೆಮಾರು, 2022ರದು. ಎರಡರಲ್ಲಿಯೂ ಕೆಲಸ ಮಾಡುವ ಕೋರುಗಳು ನಾಲ್ಕೇ. ಮೂಲವೇಗ ಮೊದಲನೆಯದಕ್ಕೆ 3.4 ಗಿಗಾಹರ್ಟ್ಜ್, ಎಂದರೆ ಸೆಕೆಂಡಿಗೆ 340 ಕೋಟಿ ಮಿಡಿತ, ಎರಡನೆಯದಕ್ಕೆ 3.3. ಅಂಕಿ ನೋಡಿದರೆ ಹಳೆಯದೇ ಮೇಲು. ಆದರೂ ಕೆಲಸದಲ್ಲಿ ಹೊಸ ಐ ತ್ರೀ ಹಳೆಯ ಐ ಸೆವೆನನ್ನು ಮೀರಿಸುತ್ತದೆ. ಏಕೆಂದರೆ ಒಂದೊಂದು ಮಿಡಿತದಲ್ಲಿ ಅದು ಮಾಡುವ ಕೆಲಸ ಹೆಚ್ಚು. ಹತ್ತು, ಹನ್ನೊಂದನೆಯ ತಲೆಮಾರಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಅಂಕಿಯ ಈ ನಿಯಮಕ್ಕೆ ಅಪವಾದವುಂಟು. ಅಪವಾದವಿಲ್ಲದ ಸೂತ್ರ ವ್ಯಾಕರಣದಲ್ಲಿಯೂ ಅಪರೂಪವೇ. ಏನೇ ಆಗಲಿ, ದರ್ಜೆಯನ್ನಷ್ಟೇ ಕೇಳಿ ತಲೆಮಾರನ್ನು ಕೇಳದಿರುವುದು, ವರನ ಮನೆತನ ವಿಚಾರಿಸಿ ವಯಸ್ಸು ಕೇಳದಂತೆ.

ಎರಡನೆಯದು ರ‍್ಯಾಮ್. ಕಟ್ಟೆ ಚಿಕ್ಕದಾದರೆ ಒಂದನ್ನು ಎತ್ತಿಟ್ಟು ಇನ್ನೊಂದನ್ನು ತರಬೇಕು. ಅಡುಗೆಗಿಂತ ಓಡಾಟವೇ ಹೆಚ್ಚು. ಇಂದಿನ ಅಂತರ್ಜಾಲದ ಪುಟಗಳಿಗೆ 4 ಜಿಬಿ ಇಕ್ಕಟ್ಟು. ವಿದ್ಯಾರ್ಥಿಯ ಸಾಮಾನ್ಯ ಕೆಲಸಕ್ಕೆ 8 ಜಿಬಿ ಸಾಕು. ಚಲನಚಿತ್ರ ಸಂಕಲನವೋ ಎಂಜಿನಿಯರಿಂಗ್ ನಕ್ಷೆಯೋ ಆದರೆ 16 ಬೇಕಾಗುತ್ತದೆ. 'ಮುಂದೆ ಸೇರಿಸಿಕೊಂಡರಾಯಿತು' ಎಂಬ ಮಾತನ್ನು ಪರೀಕ್ಷಿಸದೆ ಒಪ್ಪಬೇಡಿ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಸೇರಿಸಲು ಬಾರದು. ಡಿಡಿಆರ್ 3 ಬಗೆಯ ಗಾಡಿಯಲ್ಲಿ ಡಿಡಿಆರ್ 4 ಕೂರದು.

ಮೂರನೆಯದು ಡಿಸ್ಕು. ಇಲ್ಲಿಯೇ ನಮ್ಮವರು ಮೋಸಹೋಗುವುದು ಹೆಚ್ಚು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಬಿಲ್ಲೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಒಂದು ಮುಳ್ಳು ಹಿಂದುಮುಂದಾಗಿ ಸರಿದು ಬೇಕಾದುದನ್ನು ಹುಡುಕುತ್ತದೆ. ಒಂದು ಹುಡುಕಾಟಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತು ಬೇಕು. ಅದೇನು ಮಹಾ ಎನ್ನಬೇಡಿ. ಯಂತ್ರ ಏಳುವಾಗ ಇಂಥ ಹುಡುಕಾಟ ಸಾವಿರಗಟ್ಟಲೆ ನಡೆಯುತ್ತದೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯಲ್ಲಿ ತಿರುಗುವ ಭಾಗವೇ ಇಲ್ಲ. ಅದು ನೂರು ಪಟ್ಟಿಗೂ ಮಿಗಿಲಾಗಿ ಬೇಗ ಹುಡುಕಿಕೊಡುತ್ತದೆ. ಆದುದರಿಂದ 1 ಟಿಬಿ ಹಾರ್ಡ್ ಡಿಸ್ಕಿಗಿಂತ 256 ಜಿಬಿಯ ಎಸ್‌ಎಸ್‌ಡಿ ವಿದ್ಯಾರ್ಥಿಗೆ ಮೇಲು. ಇನ್ನೊಂದು ಮಾತು: 1 ಟಿಬಿ ಎಂದು ಕೊಂಡದ್ದು ಪರದೆಯ ಮೇಲೆ 931 ಎಂದು ತೋರಿದರೆ ಗಾಬರಿ ಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಸೇರು ಬೇರೆ, ಅಕ್ಕಿ ಅಷ್ಟೇ.

ಇನ್ನು, ಬಾಯಿಬಿಟ್ಟು ಯಾರೂ ಹೇಳದ ಸಂಗತಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನ ವಿಂಡೋಸ್ 11 ಅಧಿಕೃತವಾಗಿ ನಡೆಯಲು ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು. ಇದರಿಂದಾಗಿ ಕಚೇರಿಗಳು ಕೈಬಿಟ್ಟ ಏಳನೆಯ ತಲೆಮಾರಿನವರೆಗಿನ ಯಂತ್ರಗಳಿಗೆ ಬೆಲೆ ಇಳಿದಿದೆ. ಅವು ಕೆಲಸಕ್ಕೆ ಬಾರವೆಂದಲ್ಲ. ಉಚಿತವಾದ ಲಿನಕ್ಸ್ ಹಾಕಿದರೆ ಓದುಬರಹಕ್ಕೆ ಚೆನ್ನಾಗಿಯೇ ನಡೆಯುತ್ತವೆ. ನೆರೆಯ ಕೇರಳದ ಶಾಲೆಗಳಲ್ಲಿ ವರ್ಷಗಳಿಂದ ಇಂಥ ಮುಕ್ತ ತಂತ್ರಾಂಶವೇ ಬಳಕೆಯಲ್ಲಿದೆ. ಆದರೆ ಅಂಥ ಯಂತ್ರಕ್ಕೆ ಅಂಥ ಬೆಲೆಯನ್ನೇ ಕೊಡಬೇಕು. ಮಗಳು ಕಲಿಯುವ ಲೆಕ್ಕಪತ್ರದ ತಂತ್ರಾಂಶಕ್ಕೆ ವಿಂಡೋಸೇ ಬೇಕೆಂದಾದರೆ, ಎಂಟನೆಯ ತಲೆಮಾರಿನ ಕೆಳಗೆ ಇಳಿಯದಿರುವುದು ಲೇಸು.

ಅಂಗಡಿಯಲ್ಲಿ ಪರೀಕ್ಷಿಸುವುದು ಕಷ್ಟವಲ್ಲ. ಯಂತ್ರವನ್ನು ನಿಮ್ಮ ಎದುರಿಗೇ ಆರಿಸಿ ಮತ್ತೆ ಹಚ್ಚಿಸಿ. ಏಳಲು ಎಷ್ಟು ಹೊತ್ತಾಯಿತು ಗಮನಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರಿನ ಪೂರ್ಣ ಹೆಸರು, ರ‍್ಯಾಮಿನ ಅಳತೆ, ಡಿಸ್ಕಿನ ಬಗೆ ಎಲ್ಲವೂ ಕಾಣುತ್ತವೆ. ಬಾಯಿಮಾತನ್ನು ಇದರೊಡನೆ ತಾಳೆನೋಡಿ. ಲ್ಯಾಪ್‌ಟಾಪಾದರೆ 'ಬ್ಯಾಟರಿ ರಿಪೋರ್ಟ್ ತೆಗೆಸಿ' ಎನ್ನಿ. ಅದರಲ್ಲಿ ಬ್ಯಾಟರಿ ಹೊಸದಾಗಿದ್ದಾಗಿನ ಶಕ್ತಿ, ಈಗ ಪೂರ್ತಿ ತುಂಬಿದಾಗಿನ ಶಕ್ತಿ ಎರಡೂ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ, ಹೊಸ ಬ್ಯಾಟರಿಯ ಬೆಲೆಯನ್ನು ಲೆಕ್ಕಕ್ಕೆ ಸೇರಿಸಿಯೇ ಚೌಕಾಸಿ ಮಾಡಿ. ಕೀಲಿಮಣೆಯ ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿ. ರಸೀತಿಯನ್ನೂ ವಾರಂಟಿಯನ್ನೂ ಬರಹದಲ್ಲಿ ಪಡೆಯಿರಿ.

ಇಷ್ಟಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, 'ಯಾರಿಗೆ, ಯಾವ ಕೆಲಸಕ್ಕೆ?' ಎಂಬುದು. ಹೀಗೆ ಕೇಳಿ ಯಂತ್ರ ಕಟ್ಟಿದ ನಿದರ್ಶನ ನಮ್ಮ ನಾಡಿನಲ್ಲಿಯೇ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯ ಎಂಜಿನಿಯರುಗಳೂ ಸೇರಿ 2001ರಲ್ಲಿ 'ಸಿಂಪ್ಯೂಟರ್' ಎಂಬ ಕೈಗಣಕವನ್ನು ಮುಂದಿಟ್ಟರು. ಅದರ ಪ್ರೊಸೆಸರಿನ ವೇಗ ಕೇವಲ 206 ಮೆಗಾಹರ್ಟ್ಜ್. ಆದರೆ ಓದುಬಾರದವರೂ ಬೆರಳಿಟ್ಟು ನಡೆಸಬಹುದಾದ ಪರದೆ, ಬರಹವನ್ನು ಕನ್ನಡದಲ್ಲಿ ಓದಿ ಹೇಳುವ ದನಿ, ಒಂದೇ ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸುವ ಏರ್ಪಾಡು, ಇವೆಲ್ಲ ಅದರಲ್ಲಿದ್ದವು. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಅದನ್ನು ತಯಾರಿಸಿ, 2004ರಲ್ಲಿ ಅದು 'ಅಮಿಡಾ' ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಮಾರುಕಟ್ಟೆಯಲ್ಲಿ ಅದು ನೆಲೆ ನಿಲ್ಲಲಿಲ್ಲ, ನಿಜ. ಆದರೂ ಬಳಸುವವರ ಅಗತ್ಯದಿಂದ ಯಂತ್ರಕ್ಕೆ ಬರಬೇಕೇ ಹೊರತು, ಯಂತ್ರದ ಅಂಕಿಗಳಿಂದ ಅಗತ್ಯಕ್ಕಲ್ಲ ಎಂಬ ಅದರ ಪಾಠ ಮಾಸಿಲ್ಲ.

ನುಡಿ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಮಾಡುವುದು, ಪಾಠ ಕೇಳುವುದು, ಅರ್ಜಿ ತುಂಬುವುದು, ಇಷ್ಟೇ ಕೆಲಸವಾದರೆ ಸಾಧಾರಣ ಪ್ರೊಸೆಸರು ಸಾಕು. ಇರುವ ಅಲ್ಪ ಹಣವನ್ನು ಐ ಸೆವೆನ್ ಎಂಬ ಅಂಟುಚೀಟಿಗೆ ಸುರಿಯದೆ, 8 ಜಿಬಿ ರ‍್ಯಾಮಿಗೂ ಎಸ್‌ಎಸ್‌ಡಿಗೂ ಗಟ್ಟಿಯಾದ ಬ್ಯಾಟರಿಗೂ ಹಂಚಿರಿ. ಅಂಗಡಿಗೆ ಹೋಗುವಾಗ ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಓದುವ ಮಗುವನ್ನೂ ಜೊತೆಗೆ ಕರೆದೊಯ್ಯಿರಿ. ನಾಳೆ ಅದರ ಮುಂದೆ ಕೂರುವವರು ಅವರೇ.