ಗರ್ಭಸ್ಥ ಶಿಶುವೂ ಮದ್ಯಸಾರವೂ

ಬೆಂಗಳೂರಿನ ಪೂರ್ವದಂಚಿನ ಬ್ರೂಕ್‌ಫೀಲ್ಡಿನಲ್ಲಾಗಲಿ, ದೇಶದ ಬೇರೆಲ್ಲಿಯೇ ಆಗಲಿ, ಮಾರಾಟವಾಗುವ ಮದ್ಯದ ಸೀಸೆಯ ಮೇಲೆ ಎಚ್ಚರಿಕೆಯ ಮಾತಿರಬೇಕೆಂದು 2018ರ ನಿಯಮಗಳು ವಿಧಿಸಿದವು: ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ನಡೆಸಬಾರದು. ಆ ಮಾತಿನಲ್ಲಿ ಇನ್ನೂ ಹುಟ್ಟದ ಶಿಶುವಿನ ಪ್ರಸ್ತಾಪವಿಲ್ಲ. ಆದರೆ ಮದ್ಯಸಾರದ ಪೆಟ್ಟು ಜನ್ಮಪರ್ಯಂತ ಉಳಿಯುವುದು ಆ ಶಿಶುವಿನಲ್ಲಿ. ಅದು ಹೇಗೆಂಬುದನ್ನು ವಿಚಾರಮಾಡೋಣ.

ತಾಯಿಯ ರಕ್ತವೂ ಶಿಶುವಿನ ರಕ್ತವೂ ನೇರವಾಗಿ ಬೆರೆಯುವುದಿಲ್ಲ; ನಡುವೆ ಮಾಸು ಎಂಬ ಅಂಗವಿದೆ. ಅದು ಅನೇಕ ರೋಗಾಣುಗಳನ್ನು ತಡೆಯಬಲ್ಲುದು. ಮದ್ಯಸಾರದ ಪುಟ್ಟ ಅಣುವನ್ನು ಮಾತ್ರ ತಡೆಯಲಾರದು. ತಾಯಿಯ ಯಕೃತ್ತು ಮದ್ಯಸಾರವನ್ನು ಒಡೆದುಹಾಕುತ್ತದೆ. ಶಿಶುವಿನ ಎಳೆಯ ಯಕೃತ್ತಿಗೆ ಆ ಶಕ್ತಿ ಅತ್ಯಲ್ಪ. ಶಿಶು ವಿಸರ್ಜಿಸಿದ ಮದ್ಯಸಾರ ಸುತ್ತಲಿನ ಗರ್ಭಜಲದಲ್ಲಿ ನಿಲ್ಲುತ್ತದೆ. ಆ ಜಲವನ್ನೇ ಶಿಶು ಮತ್ತೆ ನುಂಗುತ್ತದೆ.

1968ರಲ್ಲಿ ಫ್ರಾನ್ಸಿನ ನಾಂತ್ ನಗರದ ವೈದ್ಯ ಪಾಲ್ ಲೆಮ್ವಾನ್ ಮತ್ತು ಅವರ ಸಂಗಡಿಗರು ಮದ್ಯವ್ಯಸನಿಗಳಿಗೆ ಹುಟ್ಟಿದ 127 ಮಕ್ಕಳ ವಿವರವನ್ನು ಪ್ರಕಟಿಸಿದರು. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಈ ವ್ಯಾಧಿಗೆ ‘ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್’ ಎಂಬ ಹೆಸರಿಟ್ಟರು. ಕುಂಠಿತ ಬೆಳವಣಿಗೆ, ಕಿರಿದಾದ ಕಣ್ಣು, ತೆಳುವಾದ ಮೇಲ್ದುಟಿ, ಮೂಗು–ತುಟಿಗಳ ನಡುವಣ ಗೆರೆ ಅಳಿಸಿದಂತಿರುವುದು ಇದರ ಲಕ್ಷಣಗಳು. 1981ರಲ್ಲಿ ಕ್ಯಾಥ್ಲೀನ್ ಸೂಲಿಕ್ ಮತ್ತು ಸಹೋದ್ಯೋಗಿಗಳು ಗರ್ಭದ ಏಳನೆಯ ದಿನ ಇಲಿಗಳಿಗೆ ಮದ್ಯಸಾರ ಕೊಟ್ಟಾಗ ಮರಿಗಳಲ್ಲಿ ಇಂಥದೇ ಮುಖ ಕಂಡುಬಂದಿತು. ಮಾನವರಲ್ಲಿ ಆ ಘಟ್ಟ ಗರ್ಭ ನಿಂತ ಮೂರನೆಯ ವಾರದ ಸುಮಾರಿಗೆ ಬರುತ್ತದೆ. ಆಗ ತಾನು ಗರ್ಭಿಣಿಯೆಂಬುದು ಎಷ್ಟೋ ವೇಳೆ ತಾಯಿಗೇ ತಿಳಿದಿರುವುದಿಲ್ಲ!

ಪೆಟ್ಟು ತಿಂದ ಮಕ್ಕಳಲ್ಲಿ ಬಹುಮಂದಿಯ ಮುಖದಲ್ಲಿ ಯಾವ ಗುರುತೂ ಇರುವುದಿಲ್ಲ. ಮಿದುಳು ಒಂಬತ್ತು ತಿಂಗಳೂ ಬೆಳೆಯುವುದರಿಂದ ಅದಕ್ಕೆ ಎಂದಾದರೂ ಹಾನಿ ತಗಲಬಹುದು. ಅಂಥ ಹುಡುಗ ನಿನ್ನೆ ಕಲಿತದ್ದನ್ನು ಇಂದು ಮರೆಯುತ್ತಾನೆ, ಲೆಕ್ಕದಲ್ಲಿ ಎಡವುತ್ತಾನೆ, ಮುಂದಾಗುವುದನ್ನು ಎಣಿಸದೆ ದುಡುಕುತ್ತಾನೆ. ಶಾಲೆಯಲ್ಲಿ ಸೋಮಾರಿ, ಮನೆಯಲ್ಲಿ ಹಟಮಾರಿ ಎಂಬ ಬಿರುದು ಅವನಿಗೆ ದೊರೆಯುತ್ತದೆ. ಬೆತ್ತದಿಂದ ಮಿದುಳಿನ ಗಾಯ ಮಾಯದು. ನಿಯತವಾದ ದಿನಚರಿ, ಒಂದು ಸಲಕ್ಕೆ ಒಂದೇ ಸೂಚನೆ, ಬೇಸರವಿಲ್ಲದ ಪುನರಾವರ್ತನೆ – ಇವುಗಳಿಂದ ಅವನಿಗೆ ನೆರವಾಗಬಹುದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಹದಿನೈದು ವರ್ಷ ತುಂಬಿದ ಭಾರತೀಯ ಸ್ತ್ರೀಯರಲ್ಲಿ ಮದ್ಯ ಸೇವಿಸುವವರು ನೂರಕ್ಕೆ ಸುಮಾರು 1.3. ಈ ವಿಶಾಲ ದೇಶದಲ್ಲಿ ಅದು ಅರ್ಧ ಕೋಟಿಯನ್ನೂ ಮೀರುವ ಸಂಖ್ಯೆ. ಗರ್ಭಕಾಲದಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲವೆಂಬ ಮಿತಿಯನ್ನು ವಿಜ್ಞಾನ ಕಂಡುಕೊಂಡಿಲ್ಲ. ತಿಳಿಯದೆ ಕುಡಿದವಳನ್ನು ದೂಷಿಸಿ ಫಲವಿಲ್ಲ. ತಿಳಿದ ದಿನವೇ ಬಿಟ್ಟರೂ ಶಿಶುವಿಗೆ ಲಾಭವೇ. ಈ ಹಾನಿಗೆ ಪೂರ್ಣ ಚಿಕಿತ್ಸೆಯಿಲ್ಲ, ಆದರೆ ಪೂರ್ಣ ತಡೆಯುಂಟು. ಗರ್ಭ ನಿಂತಮೇಲೆ ದೊರೆತ ತಿಳಿವಳಿಕೆ ತಡವಾಗಬಹುದಾದ್ದರಿಂದಲೇ ಇದನ್ನು ನಾವು ವಿದ್ಯಾರ್ಥಿಗಳಾದ ನಿಮ್ಮ ಮುಂದಿಟ್ಟಿದ್ದೇವೆ.