ಮಕ್ಕಳಿಗಾಗಿ ಕಟ್ಟಿದ ಊರಿಗೆ ಮುಪ್ಪು ಬಂದಾಗ

ಹಾಲೆಂಡ್ ಎಂದೊಡನೆ ನಮ್ಮವರ ಕಣ್ಣೆದುರಿಗೆ ಬರುವುವು ಗಾಳಿಯಂತ್ರಗಳು, ಟ್ಯೂಲಿಪ್ ಹೂವಿನ ಹೊಲಗಳು ಮತ್ತು ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳು. ಆದರೆ ಆ ದೇಶದ ಬಹಳಷ್ಟು ಜನರ ಬಾಳು ನಡೆಯುವುದು ಪ್ರವಾಸಿಗಳಾರೂ ಇಳಿಯದ ಸಣ್ಣ ಪಟ್ಟಣಗಳ ಸಾಲುಮನೆಗಳಲ್ಲಿ. ಅಂತಹ ಪಟ್ಟಣಗಳಲ್ಲೊಂದು ಹೌಟನ್. ಉಟ್ರೆಕ್ಟ್ ನಗರದ ಆಗ್ನೇಯಕ್ಕೆ, ರೈಲಿನಲ್ಲಿ ಸುಮಾರು ಹತ್ತು ನಿಮಿಷದ ದಾರಿ. ಇಂದು ಇಲ್ಲಿಯ ಜನಸಂಖ್ಯೆ ಸುಮಾರು 50,000. ಅರುವತ್ತು ವರ್ಷಗಳ ಹಿಂದೆ ಇದು ಸೇಬು, ಪೇರು ಹಣ್ಣುಗಳ ತೋಟಗಳ ನಡುವೆ ಕೆಲವೇ ಸಾವಿರ ಜನರಿದ್ದ ಹಳ್ಳಿಯಾಗಿತ್ತು. ಇಷ್ಟು ಬೇಗ ಬೆಳೆದ ಊರು ಅಷ್ಟೇ ಬೇಗ ಮುದಿಯಾಗುತ್ತಲೂ ಇದೆ. ಆರೋಗ್ಯದ ದೃಷ್ಟಿಯಿಂದ ಈ ಊರಿನ ಕಥೆ ಗಮನಾರ್ಹವಾಗಿರುವುದು ಈ ಕಾರಣಕ್ಕಾಗಿ.

ಎರಡನೆಯ ಮಹಾಯುದ್ಧದ ತರುವಾಯ ಹಾಲೆಂಡಿನಲ್ಲಿ ಜನನಪ್ರಮಾಣ ಏರಿತು, ಮನೆಗಳ ಅಭಾವ ತೀವ್ರವಾಯಿತು. ಹಳೆಯ ನಗರಗಳ ಇಕ್ಕಟ್ಟಾದ ಮನೆಗಳಲ್ಲಿದ್ದ ಜನರಿಗೆ ಹೊಸ ನೆಲೆ ಒದಗಿಸಲು ಸರಕಾರ ನಗರಗಳ ಸುತ್ತಮುತ್ತಲಿನ ಕೆಲವು ಊರುಗಳನ್ನು ‘ಬೆಳವಣಿಗೆಯ ಕೇಂದ್ರ’ಗಳೆಂದು ಆರಿಸಿತು. ಅವುಗಳಲ್ಲಿ ಹೌಟನ್ ಕೂಡ ಸೇರಿತು. 1968ರಲ್ಲಿ ನಗರಯೋಜಕ ರಾಬ್ ಡರ್ಕ್ಸ್ ಅವರು ಇದಕ್ಕಾಗಿ ಒಂದು ನಕ್ಷೆಯನ್ನು ರಚಿಸಿಕೊಟ್ಟರು. ಎಪ್ಪತ್ತರ ದಶಕದ ಕೊನೆಯಿಂದ ಮನೆಗಳು ಭರದಿಂದ ಎದ್ದವು. ಬಂದವರಲ್ಲಿ ಹೆಚ್ಚಿನವರು ಇಪ್ಪತ್ತೈದು–ಮೂವತ್ತೈದರ ಹರೆಯದ ದಂಪತಿಗಳು. ಕೈಯಲ್ಲೊಂದು ಕೂಸು, ಅದರ ಹಿಂದೆ ಇನ್ನೊಂದು. ಮುಂಬಯಿಯ ಇಕ್ಕಟ್ಟಿನಿಂದ ಡೊಂಬಿವಲಿಗೆ ಹೋಗಿ ಮನೆ ಮಾಡಿದ ಹಳಬರಿಗೆ ಈ ಕಥೆ ಅಷ್ಟೇನೂ ಅಪರಿಚಿತವೆನಿಸದು.

ಆ ಕಾಲದಲ್ಲಿ ಡಚ್ ತಾಯಂದಿರನ್ನು ಕಾಡುತ್ತಿದ್ದ ಭಯವೊಂದಿತ್ತು. ಮೋಟಾರುಗಳ ಸಂಖ್ಯೆ ಹೆಚ್ಚಿದಂತೆ ಅಪಘಾತಗಳೂ ಹೆಚ್ಚಿ, 1971 ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಜನರು ಸತ್ತರು. ಅವರಲ್ಲಿ ನಾನೂರಕ್ಕಿಂತ ಹೆಚ್ಚು ಮಂದಿ ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಕಟುವಾದ ಹೆಸರಿನ ಚಳವಳಿಯೇ ಹುಟ್ಟಿಕೊಂಡಿತು. 1973ರಲ್ಲಿ ತೈಲದ ಬಿಕ್ಕಟ್ಟು ಬಂದು, ಕೆಲವು ಭಾನುವಾರಗಳಂದು ಕಾರು ಓಡಿಸುವುದನ್ನೇ ಸರಕಾರ ನಿಷೇಧಿಸಿದಾಗ, ಬರಿದಾದ ಹೆದ್ದಾರಿಗಳಲ್ಲಿ ಮಕ್ಕಳು ಸೈಕಲ್ಲು ತುಳಿದರು. ಜನರ ಮನಸ್ಸು ಬದಲಾಗುತ್ತಿದ್ದ ಇಂತಹ ಹೊತ್ತಿನಲ್ಲಿ ಹೌಟನ್ನಿನ ನಕ್ಷೆ ನೆಲಕ್ಕಿಳಿಯಿತು.

ಆ ನಕ್ಷೆಯ ತಿರುಳು ಬಹಳ ಸರಳವಾದುದು. ಊರಿನ ಸುತ್ತ ಒಂದು ವರ್ತುಲ ರಸ್ತೆ. ಒಳಗೆ ಹಲವು ಚಿಕ್ಕ ಬಡಾವಣೆಗಳು. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕಾರಿನಲ್ಲಿ ನೇರವಾಗಿ ಹೋಗುವಂತಿಲ್ಲ. ಕಾರು ಹೊರಕ್ಕೆ ಬಂದು, ವರ್ತುಲ ರಸ್ತೆಯನ್ನು ಬಳಸಿ, ಪುನಃ ಒಳಹೊಗಬೇಕು. ಸೈಕಲ್ಲಿನವರಿಗೂ ಪಾದಚಾರಿಗಳಿಗೂ ಮಾತ್ರ ಊರಿನ ನಡುವೆ ನೇರವಾದ ಹಾದಿ. ಕೆಂಪು ಡಾಂಬರಿನ ಆ ಹಾದಿಯ ಆಸುಪಾಸಿನಲ್ಲೇ ಶಾಲೆಗಳು, ಅಂಗಡಿಗಳು, ಹುಲ್ಲಿನ ಬಯಲು, ನೀರಿನ ಕಾಲುವೆ. ಕೆಲವು ಬೀದಿಗಳಲ್ಲಿ ‘ಇಲ್ಲಿ ಕಾರು ಅತಿಥಿ’ ಎಂಬ ಫಲಕವೇ ಇದೆ. ಅತಿಥಿಯಾದವನು ಮನೆಯವರ ಹಿಂದೆ ಮೆಲ್ಲನೆ ಬರಬೇಕಷ್ಟೆ! ತೊಂಬತ್ತರ ದಶಕದ ಕೊನೆಯಿಂದ ದಕ್ಷಿಣ ಹೌಟನ್ ಎಂಬ ಎರಡನೆಯ ಭಾಗವೂ ಇದೇ ಮಾದರಿಯಲ್ಲಿ ಬೆಳೆಯಿತು. ಈಗ ಊರು ಚಿಟ್ಟೆಯ ಎರಡು ರೆಕ್ಕೆಗಳಂತೆ ಹರಡಿಕೊಂಡಿದೆ. ರೈಲು ನಿಲ್ದಾಣದ ಅಡಿಯಲ್ಲಿ ಸುಮಾರು 3,000 ಸೈಕಲ್ಲುಗಳನ್ನು ನಿಲ್ಲಿಸುವ ತಂಗುದಾಣವಿದೆ. 2008ರಲ್ಲಿಯೂ 2018ರಲ್ಲಿಯೂ ದೇಶದ ‘ಸೈಕಲ್ ನಗರ’ವೆಂಬ ಪ್ರಶಸ್ತಿ ಹೌಟನ್ನಿಗೆ ಸಂದಿತು.

ಇಲ್ಲಿಯ ಮನೆಯೊಳಗೆ ಒಮ್ಮೆ ಇಣುಕೋಣ. ಇಣುಕುವುದು ಅಷ್ಟು ಕಷ್ಟವೂ ಅಲ್ಲ. ಏಕೆಂದರೆ ಡಚ್ಚರ ಮನೆಗಳ ಮುಂದಿನ ಕಿಟಕಿ ದೊಡ್ಡದು, ಪರದೆ ಬಹುತೇಕ ತೆರೆದೇ ಇರುವುದು. ಗೋಡೆಗೆ ಗೋಡೆ ತಾಗಿದ ಇಟ್ಟಿಗೆಯ ಸಾಲುಮನೆ. ಮುಂದೆ ನಾಲ್ಕು ಹೆಜ್ಜೆಯ ಕೈತೋಟ, ಹಿಂದೆ ಸ್ವಲ್ಪ ದೊಡ್ಡ ಹಿತ್ತಲು, ಹಿತ್ತಲಿನ ಕೊನೆಯಲ್ಲಿ ಸೈಕಲ್ಲುಗಳನ್ನಿಡುವ ಮರದ ಕೊಟ್ಟಿಗೆ. ಕೆಳಗಿನ ಕೋಣೆಗೆ ಮುಂದೆಯೂ ಹಿಂದೆಯೂ ಕಿಟಕಿಗಳಿದ್ದು, ಬಿಸಿಲು ಈ ಕಡೆಯಿಂದ ಆ ಕಡೆಗೆ ಹಾಯುವಂತಿರುವ ಮನೆಗೆ ಅವರ ಭಾಷೆಯಲ್ಲಿ ‘ಸೂರ್ಯ ಹಾಯುವ ಮನೆ’ ಎಂದೇ ಹೆಸರು. ವರ್ಷದ ಅರ್ಧ ಕಾಲ ಮೋಡ ಮುಸುಕಿರುವ ನಾಡಿನಲ್ಲಿ ಈ ಹೆಸರು ಸಾರ್ಥಕವಾದುದು. ಮಲಗುವ ಕೋಣೆಗಳೂ ಬಚ್ಚಲೂ ಮಾತ್ರ ಮಹಡಿಯ ಮೇಲೆ. ಅಲ್ಲಿಗೆ ಹೋಗುವ ಮೆಟ್ಟಿಲು ಏಣಿಗಿಂತ ಸ್ವಲ್ಪ ವಾಸಿ ಎನ್ನುವಷ್ಟು ಕಡಿದು. ಈ ಮೆಟ್ಟಿಲನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ತೊಡಕುಗಳಿಗೆಲ್ಲ ಇದೇ ಮೊದಲು.

ಇಂತಹ ಮನೆಯಲ್ಲಿ ಮಗು ಹುಟ್ಟಿದರೆ ಆಗುವ ಏರ್ಪಾಡು ನಮ್ಮ ಬಾಣಂತನವನ್ನು ನೆನಪಿಗೆ ತರುವಂಥದು. ಹೆರಿಗೆಯ ನಂತರ ಸುಮಾರು ಎಂಟು ದಿನಗಳ ಕಾಲ ತರಬೇತಿ ಪಡೆದ ದಾದಿಯೊಬ್ಬಳು ದಿನವೂ ಹಲವು ಗಂಟೆ ಮನೆಗೆ ಬರುತ್ತಾಳೆ. ತಾಯಿಯ ಜ್ವರ ನೋಡುವುದು, ಕೂಸಿನ ತೂಕ ಹಿಡಿಯುವುದು, ಹಾಲೂಡಿಸುವ ಕ್ರಮ ಕಲಿಸುವುದು, ದೊಡ್ಡ ಮಗುವಿದ್ದರೆ ಅದನ್ನು ಸಂಭಾಳಿಸುವುದು, ಇವೆಲ್ಲ ಅವಳ ಕೆಲಸ. ನೋಡಲು ಬಂದ ನೆರೆಯವರಿಗೆ ಗರಿಗರಿಯಾದ ರಸ್ಕಿನ ಮೇಲೆ ಸಕ್ಕರೆ ಲೇಪಿಸಿದ ಸೋಂಪು ಉದುರಿಸಿ ಕೊಡುವುದು ಪದ್ಧತಿ. ಅತ್ತೆಯಾಗಲಿ ತವರಾಗಲಿ ಹತ್ತಿರವಿಲ್ಲದ ಹುಡುಗಿಗೂ ಈ ಆರೈಕೆ ತಪ್ಪುವುದಿಲ್ಲ. ವೆಚ್ಚದ ಹೆಚ್ಚಿನ ಪಾಲನ್ನು ಕಡ್ಡಾಯ ಆರೋಗ್ಯ ವಿಮೆಯೇ ವಹಿಸುತ್ತದೆ. ಅನಂತರ ನಾಲ್ಕು ವರ್ಷದವರೆಗೆ ಬಡಾವಣೆಯ ಶಿಶುಕೇಂದ್ರದಲ್ಲಿ ತೂಕ, ಎತ್ತರ, ಲಸಿಕೆಗಳ ಲೆಕ್ಕ.

ಶಾಲೆ ನಾಲ್ಕು ತುಂಬಿದೊಡನೆ ಆರಂಭ. ಕಾಲುವೆಗಳ ದೇಶವಾದುದರಿಂದ ಮಕ್ಕಳಿಗೆ ಈಜು ಕಲಿಸಿ ಪ್ರಮಾಣಪತ್ರ ಕೊಡಿಸುವುದು ತಂದೆತಾಯಿಗಳು ತಮ್ಮ ಕರ್ತವ್ಯವೆಂದೇ ತಿಳಿಯುತ್ತಾರೆ. ಹತ್ತು–ಹನ್ನೊಂದರ ವಯಸ್ಸಿನಲ್ಲಿ ಸೈಕಲ್ಲಿನ ಸಂಚಾರ ಪರೀಕ್ಷೆ. ಆ ಹೊತ್ತಿಗೆ ಮಗು ತಾನೇ ಶಾಲೆಗೆ, ಆಟಕ್ಕೆ, ಗೆಳೆಯರ ಮನೆಗೆ ಹೋಗಿ ಬರುವಷ್ಟು ಸ್ವತಂತ್ರವಾಗಿರುತ್ತದೆ. ಶ್ರೀಮಂತ ದೇಶಗಳ ಮಕ್ಕಳ ಯೋಗಕ್ಷೇಮದ ಬಗ್ಗೆ ಯುನಿಸೆಫ್ 2013ರಲ್ಲಿಯೂ 2020ರಲ್ಲಿಯೂ ಹೊರತಂದ ವರದಿಗಳಲ್ಲಿ ಹಾಲೆಂಡಿನ ಮಕ್ಕಳಿಗೆ ಮೊದಲ ಸ್ಥಾನ ದೊರೆತುದರಲ್ಲಿ ಈ ಸ್ವಾತಂತ್ರ್ಯದ ಪಾಲೂ ಇದ್ದೀತು.

ವೈದ್ಯಕೀಯ ವ್ಯವಸ್ಥೆಯ ಹೆಬ್ಬಾಗಿಲು ಕುಟುಂಬ ವೈದ್ಯರು. ಪ್ರತಿಯೊಬ್ಬನೂ ತನ್ನ ಬಡಾವಣೆಯ ಒಬ್ಬ ವೈದ್ಯರಲ್ಲಿ ಹೆಸರು ನೋಂದಾಯಿಸಿರಬೇಕು. ಅವರ ಪತ್ರವಿಲ್ಲದೆ ತಜ್ಞರ ದರ್ಶನವಿಲ್ಲ. ಸಣ್ಣಪುಟ್ಟ ಜ್ವರಕ್ಕೆ ‘ಪ್ಯಾರಾಸಿಟಮಾಲ್ ನುಂಗಿ, ಕೆಲವು ದಿನ ಕಾದುನೋಡಿ’ ಎಂಬ ಉತ್ತರವೇ ಸಿಗುವುದೆಂದು ಹೊರದೇಶಗಳಿಂದ ಹೋಗಿ ನೆಲೆಸಿದವರು ಗೊಣಗುವುದುಂಟು. ಆದರೆ ಯೂರೋಪಿನಲ್ಲಿ ಅತಿ ಕಡಿಮೆ ಆ್ಯಂಟಿಬಯಾಟಿಕ್ ಬಳಸುವ ದೇಶಗಳಲ್ಲಿ ಹಾಲೆಂಡೂ ಒಂದೆಂಬುದನ್ನು ಗಮನಿಸಿದರೆ, ಈ ಜಿಪುಣತನವನ್ನು ಮೆಚ್ಚಬೇಕೆನಿಸುತ್ತದೆ.

ಇನ್ನು ಊರಿನ ಮುಪ್ಪಿನ ಮಾತು. ಶತಮಾನಗಳಿಂದ ಬೆಳೆದುಬಂದ ಊರಿನಲ್ಲಿ ಎಲ್ಲ ವಯಸ್ಸಿನವರೂ ಬೆರೆತಿರುತ್ತಾರೆ. ವರ್ಷಕ್ಕೆ ಇಂತಿಷ್ಟು ಜನನ, ಇಂತಿಷ್ಟು ಮರಣ. ಆದರೆ ಕೆಲವೇ ವರ್ಷಗಳಲ್ಲಿ ಒಂದೇ ವಯಸ್ಸಿನವರಿಂದ ತುಂಬಿದ ಊರಿನಲ್ಲಿ ಎಲ್ಲವೂ ಅಲೆಯಂತೆ ಬರುತ್ತದೆ. ಮೊದಲು ಶಿಶುಕೇಂದ್ರದಲ್ಲಿ ನೂಕುನುಗ್ಗಲು, ಬಳಿಕ ಪ್ರಾಥಮಿಕ ಶಾಲೆಯಲ್ಲಿ, ತರುವಾಯ ಪ್ರೌಢಶಾಲೆಯಲ್ಲಿ. ಮಕ್ಕಳು ರೆಕ್ಕೆ ಬಲಿತು ಹಾರಿದ ಮೇಲೆ ಅಲೆ ಈಗ ವೈದ್ಯರ ಬಾಗಿಲಿಗೆ ಬಂದು ನಿಂತಿದೆ. 1980ರ ಸುಮಾರಿಗೆ ಮೂವತ್ತರ ಪ್ರಾಯದಲ್ಲಿ ಬಂದವರಿಗೆ ಈಗ ಎಪ್ಪತ್ತೈದು ದಾಟಿದೆ. ಮೂರು ಮಲಗುವ ಕೋಣೆಗಳ ಮನೆಯಲ್ಲಿ ಈಗ ಇಬ್ಬರು, ಅನೇಕ ಕಡೆ ಒಬ್ಬರೇ. ಇಡೀ ದೇಶದಲ್ಲಿಯೂ ಇಂದು ಐವರಲ್ಲೊಬ್ಬರು ಅರುವತ್ತೈದು ಮೀರಿದವರು. ಹತ್ತು ಸಂಸಾರಗಳಲ್ಲಿ ಸುಮಾರು ನಾಲ್ಕು ಒಂಟಿ ಸಂಸಾರಗಳು.

ಮಕ್ಕಳೊಡನೆ ಒಂದೇ ಸೂರಿನಡಿ ಇರುವುದು ಡಚ್ ವೃದ್ಧರಲ್ಲಿ ರೂಢಿಯಿಲ್ಲ. ಅವರು ಪ್ರೀತಿಯಿಲ್ಲದವರೆಂದು ತಿಳಿಯಬಾರದು. ವಾರಕ್ಕೊಂದು ದಿನ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಅಜ್ಜಿಯರು ಅಲ್ಲಿ ಬಹಳ ಮಂದಿ ಇದ್ದಾರೆ. ಆದರೆ ತಮ್ಮ ಮನೆಯ ಬೀಗದ ಕೈ ತಮ್ಮಲ್ಲೇ ಇರಬೇಕೆಂಬುದು ಎರಡು ಕಡೆಯವರಿಗೂ ಒಪ್ಪಿಗೆ. ಹಿಂದೆ ಇಂತಹವರು ಇನ್ನೂ ಕೈಕಾಲು ಗಟ್ಟಿಯಿರುವಾಗಲೇ ವೃದ್ಧಾಶ್ರಮಗಳಿಗೆ ಸೇರುವುದಿತ್ತು. ವೆಚ್ಚ ಹೆಚ್ಚಿದಂತೆ ಸರಕಾರದ ನೀತಿ ಬದಲಾಯಿತು. 2015ರ ಹೊಸ ಕಾನೂನುಗಳ ತರುವಾಯ ಹಗಲಿರುಳೂ ಆರೈಕೆ ಬೇಕಾದವರಿಗೆ ಮಾತ್ರ ಶುಶ್ರೂಷಾಲಯ. ಉಳಿದವರು ಮನೆಯಲ್ಲೇ ಇರಬೇಕು, ಬೇಕಾದ ನೆರವನ್ನು ಪೌರಸಭೆ ಒದಗಿಸಬೇಕು. ಆಗ ಎದುರಾಯಿತು ಆ ಕಡಿದಾದ ಮೆಟ್ಟಿಲು. ಸೊಂಟದ ಮೂಳೆ ಮುರಿದವರಿಗೆ ಮಹಡಿಯ ಮೇಲಿನ ಬಚ್ಚಲು ಪರದೇಶದಷ್ಟು ದೂರ. ಕಂಬಿಯ ಮೇಲೆ ಸರಿಯುವ ಕುರ್ಚಿಯನ್ನು ಮೆಟ್ಟಿಲಿಗೆ ಅಳವಡಿಸಿಕೊಂಡ ಮನೆಗಳೂ ಇವೆ.

ಮನೆಮನೆಗೆ ಬರುವ ದಾದಿಯರ ವ್ಯವಸ್ಥೆ ಈ ನೀತಿಯ ಆಧಾರಸ್ತಂಭ. ಇದರಲ್ಲಿ ಹೆಸರಾದ ಒಂದು ಪ್ರಯೋಗ ‘ಬ್ಯೂರ್ತ್‌ಜೋರ್ಖ್’, ಎಂದರೆ ನೆರೆಹೊರೆಯ ಆರೈಕೆ. 2006ರಲ್ಲಿ ಯೋಸ್ ಡ ಬ್ಲಾಕ್ ಎಂಬ ದಾದಿಯೇ (ಇವರು ಪುರುಷರು) ಆರಂಭಿಸಿದ ಈ ಸಂಸ್ಥೆಯಲ್ಲಿ ಹೆಚ್ಚೆಂದರೆ ಹನ್ನೆರಡು ಮಂದಿಯ ಗುಂಪುಗಳು ಮೇಲಧಿಕಾರಿಯಿಲ್ಲದೆ ತಮ್ಮ ಬಡಾವಣೆಯನ್ನು ತಾವೇ ನೋಡಿಕೊಳ್ಳುತ್ತವೆ. ಅನೇಕ ದೇಶಗಳು ಇದನ್ನು ಅನುಕರಿಸಲು ಮುಂದಾಗಿವೆ. ಆದರೆ ದಾದಿಯರಿಗೂ ವಯಸ್ಸಾಗುತ್ತಿದೆ, ಹೊಸಬರು ಸಾಕಷ್ಟು ಸಿಗುತ್ತಿಲ್ಲ.

ಮಕ್ಕಳಿಗಾಗಿ ಹಾಕಿದ ಕೆಂಪು ಹಾದಿ ಮಾತ್ರ ವೃದ್ಧರಿಗೂ ಒದಗಿಬಂದಿದೆ. ಎಪ್ಪತ್ತು, ಎಂಬತ್ತರವರೂ ಸೈಕಲ್ಲಿನಲ್ಲಿ ಸಂತೆಗೆ ಹೋಗುವ ದೃಶ್ಯ ಅಲ್ಲಿ ಸಾಮಾನ್ಯ. ಮಂಡಿ ಸೋತವರಿಗೆ ವಿದ್ಯುತ್ ಸೈಕಲ್ಲು, ತೋಲನ ತಪ್ಪುವವರಿಗೆ ಮೂರು ಚಕ್ರದ್ದು. ಸೈಕಲ್ ಸವಾರಿಯಿಂದಾಗಿ ಹಾಲೆಂಡಿನಲ್ಲಿ ವರ್ಷಕ್ಕೆ ಸುಮಾರು 6,500 ಸಾವುಗಳು ತಪ್ಪುತ್ತಿವೆಯೆಂದೂ ಸರಾಸರಿ ಆಯುಸ್ಸು ಅರ್ಧ ವರ್ಷದಷ್ಟು ಹೆಚ್ಚಿದೆಯೆಂದೂ 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಅಂದಾಜು ಮಾಡಿತು. ನಾಣ್ಯದ ಇನ್ನೊಂದು ಮುಖವನ್ನೂ ಹೇಳಬೇಕು. 2023ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 684 ಮಂದಿಯಲ್ಲಿ 270 ಮಂದಿ ಸೈಕಲ್ಲಿನವರು. ಅವರಲ್ಲಿ ವೃದ್ಧರೇ ಅಧಿಕ. ಎಪ್ಪತ್ತರ ದಶಕದಲ್ಲಿ ಮಕ್ಕಳಿಗಿದ್ದ ಗಂಡಾಂತರ ಈಗ ಅಜ್ಜಂದಿರಿಗೆ ಬಂದಿದೆ. ಹೆಲ್ಮೆಟ್ ಧರಿಸಿರೆಂದು ವೈದ್ಯರು ಹೇಳುತ್ತಲೇ ಇದ್ದಾರೆ, ತಲೆ ಬೋಳಾದರೂ ಡಚ್ಚರು ಅದನ್ನು ಒಲ್ಲರು.

ಇಷ್ಟೆಲ್ಲದರ ನಡುವೆ ಗಂಟು ಬಿದ್ದಿರುವುದು ಮನೆಗಳ ಪ್ರಶ್ನೆಯಲ್ಲಿ. 2013ರಲ್ಲಿ ಹಾಲೆಂಡಿನಲ್ಲಿ ಮಾರಾಟವಾದ ಮನೆಯ ಸರಾಸರಿ ಬೆಲೆ ಸುಮಾರು 2,13,000 ಯೂರೋ. 2024ರಲ್ಲಿ ಅದು 4,50,000ವನ್ನು ಮುಟ್ಟಿತು. ದೇಶದ ಹತ್ತು ಮನೆಗಳಲ್ಲಿ ಸುಮಾರು ಮೂರು ವಸತಿ ಸಂಸ್ಥೆಗಳಿಗೆ ಸೇರಿದ, ಕಡಿಮೆ ಬಾಡಿಗೆಯ ಮನೆಗಳು. ಆದರೆ ಅವುಗಳಿಗೂ ಹಲವು ವರ್ಷ ಕಾಯಬೇಕು. ಹೀಗಾಗಿ ಹೌಟನ್ನಿನಲ್ಲಿ ಹುಟ್ಟಿ, ಅದೇ ಕೆಂಪು ಹಾದಿಯಲ್ಲಿ ಶಾಲೆಗೆ ಹೋದ ಹುಡುಗ ಹುಡುಗಿಯರಿಗೆ ಅಲ್ಲಿಯೇ ಸಂಸಾರ ಹೂಡುವುದು ಕಷ್ಟವಾಗಿದೆ. ವೃದ್ಧರು ದೊಡ್ಡ ಮನೆ ಬಿಟ್ಟುಕೊಟ್ಟರೆ ಎಳೆಯರಿಗೆ ಜಾಗವಾದೀತು. ಆದರೆ ಸಾಲ ತೀರಿಸಿದ ಮನೆಯನ್ನು ಮಾರಿ, ಅದಕ್ಕಿಂತ ಚಿಕ್ಕ ಫ್ಲಾಟಿಗೆ ಹೆಚ್ಚು ಹಣ ತೆರಲು ಯಾರು ತಾನೆ ಒಪ್ಪಿಯಾರು? ಒಪ್ಪಿದರೂ ಅಂತಹ ಫ್ಲಾಟುಗಳು ಊರಿನಲ್ಲಿ ಬೇಕಾದಷ್ಟಿಲ್ಲ. ಸಾಲುಮನೆಗಳನ್ನೇ ನೆಚ್ಚಿ ಕಟ್ಟಿದ ಊರು ಇದು.

ರೈಲು ನಿಲ್ದಾಣದ ಸಮೀಪದ ಮೋಲೆನ್‌ಜೋಮ್ ಎಂಬ ಕಚೇರಿಗಳ ಪ್ರದೇಶವನ್ನು ವಾಸದ ಬಡಾವಣೆಯನ್ನಾಗಿ ಮಾರ್ಪಡಿಸಲು ಪೌರಸಭೆ ಕೈಹಾಕಿದೆ. ಲಿಫ್ಟ್ ಇರುವ, ಒಂದೇ ಅಂತಸ್ತಿನಲ್ಲಿ ಎಲ್ಲವೂ ಇರುವ ಮನೆಗಳು ಬೇಕಷ್ಟು ಏಳುವವರೆಗೆ, ಮೊದಲ ಅಲೆಯಲ್ಲಿ ಬಂದ ಆ ದಂಪತಿಗಳು ಹಗಲು ಸೈಕಲ್ಲಿನಲ್ಲಿ ಸಲೀಸಾಗಿ ಊರು ಸುತ್ತಿ ಬಂದು, ರಾತ್ರಿ ಮಲಗಲು ಕಂಬಿ ಹಿಡಿದು ಹದಿನೈದು ಮೆಟ್ಟಿಲು ಹತ್ತಬೇಕು.